ಮದ್ದಿಗೆ ಮದ್ದು ಬಿಸಿನೀರು

ಮಳೆ ಹಿಡಿದು ಮೂರು ದಿನ ಆಗಿತ್ತು. ಕರೆಂಟು ಹೋಗಿ ಎರಡು ದಿನ. ರಾಜಣ್ಣನ ಮನೆ ಜಗಲಿಯಲ್ಲಿ ನಾವು ನಾಲ್ಕು ಜನ, ಮಧ್ಯೆ ಒಂದು ತಟ್ಟೆ ಹಲಸಿನ ಹಪ್ಪಳ. ಒಗೆದ ಬಟ್ಟೆ ಒಣಗುತ್ತಿಲ್ಲ ಅಂತ ಶುರುವಾದ ಮಾತು ಅಡಿಕೆಯ ಕೊಳೆರೋಗಕ್ಕೆ ಹೋಗಿ, ಅಲ್ಲಿಂದ ರಾಜಣ್ಣನ ಕೇಪಿನ ಕೋವಿಗೆ ಬಂದು ನಿಂತಿತು.

"ಬಟ್ಟೆ ಕಥೆ ಬಿಡ್ರೋ, ನನ್ನ ಕೋವಿಗೇ ಬೂಷ್ಟು ಬಂದಿದೆ" ಅಂದ ರಾಜಣ್ಣ.

ಅದು ಅವನ ಅಪ್ಪನ ಕಾಲದ್ದು. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜ ಅನ್ನುವ ಉದ್ದ ಸರಳಿನಲ್ಲಿ ಜಡಿದು, ಹಿಂದೆ ಪೆಟ್ಟು ಬಿದ್ದರೆ ಸಿಡಿಯುವ ಪುಟ್ಟ ಕೇಪು ಸಿಕ್ಕಿಸುವ ಜಾತಿ. ಬೆಳೆ ಕಾಯಲು ಅಂತ ಲೈಸೆನ್ಸು. ಶಿಕಾರಿಯ ಮಾತೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಸೀಸನ್ ಅನ್ನೋದು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ರಾಜಣ್ಣ ಚರೆ ಹಾಕುವುದೇ ಇಲ್ಲ. ಬರೀ ಮದ್ದು ಹಾಕಿ ಢಂ ಅನ್ನಿಸುತ್ತಾನೆ, ಮಂಗಗಳು ಪಕ್ಕದ ತೋಟಕ್ಕೆ ಹೋಗುತ್ತವೆ. ಪಕ್ಕದ ತೋಟದವರ ಹತ್ತಿರವೂ ಒಂದು ಕೋವಿ ಇದೆ. ಹಾಗಾಗಿ ಮಂಗಗಳಿಗೆ ಒಳ್ಳೆ ವ್ಯಾಯಾಮ.

"ಪೆನ್ಸಿಲ್ವೇನಿಯಾದಲ್ಲಿ ಆಗಿದ್ದರೆ..." ಅಂದ ಕಿಟ್ಟಿ.

ಮೇಷ್ಟ್ರು ಹಪ್ಪಳ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಕಿಟ್ಟಿ ಅಮೆರಿಕದಿಂದ ಬಂದು ಹತ್ತು ದಿನ ಆಗಿತ್ತು, ಅಷ್ಟರಲ್ಲಿ ಈ ವಾಕ್ಯ ನೂರು ಸಲ ಶುರು ಮಾಡಿದ್ದ. ಆದರೆ ಇದು ಕೇಳುವಂಥದ್ದೇ. ಈರುಳ್ಳಿಯನ್ನೂ ಮುಟ್ಟದ ಈ ಪ್ರಾಣಿ ಅಲ್ಲಿ ಪಕ್ಕದ ಮನೆಯ ಅಜ್ಜನ ಜೊತೆ ಜಿಂಕೆ ಬೇಟೆಗೆ ಹೋಗುತ್ತಿದ್ದನಂತೆ. ಇವನ ಕೆಲಸ ಟೀ ಫ್ಲಾಸ್ಕ್ ಹೊರುವುದು.

"ಅಲ್ಲಿ ಕ್ರಿಸ್‌ಮಸ್ ಮಾರನೇ ದಿನದಿಂದ ಚಕಮಕಿ ಕೋವಿಗೆ ಅಂತಲೇ ಬೇರೆ ಸೀಸನ್. 1974ರಿಂದ ನಡೆದುಕೊಂಡು ಬಂದಿದೆ. ಕೇಪೂ ಇಲ್ಲ ಮಾರಾಯ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಕಿಡಿ ಪಕ್ಕದ ಸಣ್ಣ ಬಟ್ಟಲಿನ ಮದ್ದಿಗೆ ಬೀಳಬೇಕು, ಅದರ ಬೆಂಕಿ ಸೂಜಿತೂತಿನಷ್ಟು ಕಿಂಡಿಯಲ್ಲಿ ನುಗ್ಗಿ ನಳಿಗೆಯೊಳಗೆ ಹೋಗಬೇಕು. ಅದೂ ಹಿಮ ಬೀಳುವಾಗ."

"ಇಷ್ಟೆಲ್ಲ ಆಗೋ ತನಕ ಜಿಂಕೆ ಕಾಯುತ್ತಾ?"

"ಆ ಸಂಶಯ ಬಂದೇ ಅಲ್ವಾ ಕೇಪು ಹುಟ್ಟಿದ್ದು" ಅಂತ ಮೇಷ್ಟ್ರು ಬಾಯಿ ಹಾಕಿದರು. ಚರಿತ್ರೆ ಪಾಠ ಮಾಡಿ ರಿಟೈರ್ ಆದವರು, ಸಂದಿ ಸಿಕ್ಕರೆ ಬಿಡುವವರಲ್ಲ. "ಸ್ಕಾಟ್ಲೆಂಡಿನಲ್ಲಿ ಫೋರ್ಸಿತ್ ಅಂತ ಒಬ್ಬ ಪಾದ್ರಿ. ಹಕ್ಕಿ ಹೊಡೆಯುವ ಹುಚ್ಚು. ಬಟ್ಟಲಿನ ಮದ್ದು ಫಕ್ ಅಂದ ಕೂಡಲೇ ಹಕ್ಕಿ ಹಾರಿಬಿಡುತ್ತಿತ್ತು. ತಲೆ ಕೆಡಿಸಿಕೊಂಡು, ಪೆಟ್ಟು ಬಿದ್ದ ಕೂಡಲೇ ಸಿಡಿಯುವ ಪುಡಿಯಿಂದ ಕೋವಿ ಹೊತ್ತಿಸುವುದು ಕಂಡುಹಿಡಿದ. 1807ರಲ್ಲಿ ಪೇಟೆಂಟ್. ಕೇಪು ಬಂದದ್ದು ಅದರ ಬೆನ್ನಿಗೆ."

"ಪಾದ್ರಿ ಪೂಜೆ ಯಾವಾಗ ಮಾಡ್ತಿದ್ದ?" ಅಂತ ರಾಜಣ್ಣ ಕೇಳಿದ. ಅದಕ್ಕೆ ಮೇಷ್ಟ್ರಲ್ಲಿ ಉತ್ತರ ಇರಲಿಲ್ಲ.

ಕಿಟ್ಟಿ ಅಜ್ಜನ ಶೃಂಗಾರ ವರ್ಣಿಸತೊಡಗಿದ. ಬೇಟೆಗೆ ಹೊರಟ ಅಜ್ಜ ಮೊದಲು ನಳಿಗೆಯ ಬಾಯಿಗೆ ಬಲೂನು ಹಾಕುತ್ತಾನಂತೆ. ಹೌದು, ಮಕ್ಕಳ ಬಲೂನೇ, ನೀರು ಇಳಿಯದ ಹಾಗೆ. ಹೊಡೆಯುವಾಗ ತೆಗೆಯಬೇಕಾಗಿಲ್ಲ, ಗುಂಡಿಗಿಂತ ಮುಂಚೆ ನಳಿಗೆಯ ಗಾಳಿಯೇ ಅದನ್ನು ಹರಿದು ಹಾಕುತ್ತೆ. ಮದ್ದು ಹಾಕುವಾಗ ಪಕ್ಕದ ಕಿಂಡಿಗೆ ಒಂದು ಟರ್ಕಿ ಕೋಳಿಯ ಪುಕ್ಕ ಸಿಕ್ಕಿಸುತ್ತಾನೆ. ಕಲ್ಲು, ಬಟ್ಟಲು ಎಲ್ಲ ಸೇರಿ ಮುಚ್ಚುವ ಹಾಗೆ ಮೇಣ ತಿಕ್ಕಿದ ಚರ್ಮದ ಒಂದು ಕುಲಾವಿ. ಅದರ ಹೆಸರು 'ಹಸುವಿನ ಮಂಡಿ'.

"ಏನಂದೆ?"

"ಹಸುವಿನ ಮಂಡಿ. ಹಿಂದೆ ಕರುವಿನ ಮೊಣಕಾಲಿನ ಚರ್ಮ ಹಾಗೇ ಸುಲಿದು ತೊಡಿಸುತ್ತಿದ್ದರಂತೆ, ಆ ಬಾಗು ಸರಿಯಾಗಿ ಕೂರುತ್ತೆ. ಆಮೇಲೆ ಗುಂಡಿಗೆ ಸುತ್ತುವ ಬಟ್ಟೆಗೆ ಕೊಬ್ಬು ಸವರೋದು..."

"ಅಲ್ಲಿಗೆ ನಿಲ್ಲಿಸು" ಅಂದರು ಮೇಷ್ಟ್ರು. "ಹಸು, ಕೊಬ್ಬು, ಕೋವಿ, ಮೂರೂ ಒಟ್ಟಿಗೆ ಬಂದವು. ಈ ದೇಶದಲ್ಲಿ 1857ರಲ್ಲಿ ಒಂದು ಸಲ ಆಗಿದೆ, ಸಾಕು."

ಬಲೂನು, ಪುಕ್ಕ, ಕುಲಾವಿ. ನಮ್ಮ ಕಡೆ ಬಾಣಂತಿಗೂ ಇಷ್ಟು ಆರೈಕೆ ಇಲ್ಲ. ಇಷ್ಟಾದ ಮೇಲೂ ಜಿಟಿಜಿಟಿ ಮಳೆ ಬಂದರೆ ಬಟ್ಟಲಿನ ಮದ್ದು ಕಾಡಿಗೆಯ ಹಾಗೆ ಅಂಟಂಟಾಗುತ್ತಂತೆ, ಅಜ್ಜ ಅರ್ಧ ಗಂಟೆಗೊಮ್ಮೆ ಒರೆಸಿ ಹೊಸದು ಹಾಕುತ್ತಾನೆ. ಸಂಜೆ ಮನೆಗೆ ಬಂದರೆ ಕೋವಿಗೆ ಒಳಗೆ ಪ್ರವೇಶ ಇಲ್ಲ. ತಣ್ಣಗಾದ ಕಬ್ಬಿಣ ಬೆಚ್ಚಗಿನ ಕೋಣೆಗೆ ಬಂದರೆ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಬೆವರುತ್ತೆ, ನಳಿಗೆಯ ಒಳಗೂ ಬೆವರುತ್ತೆ, ಹಾಕಿಟ್ಟ ಮದ್ದು ಕೆಟ್ಟಿತು. ಅದಕ್ಕೇ ಬಟ್ಟಲು ಖಾಲಿ ಮಾಡಿ ಹೊರಗಿನ ಶೆಡ್ಡಿನಲ್ಲೇ ಬೀಗ ಹಾಕಿ ಇಡುವುದು.

"ಈಗ ಜಿಂಕೆ ಕಥೆ ಹೇಳು" ಅಂದೆ ನಾನು.

ಕಿಟ್ಟಿ ಕೂತಲ್ಲೇ ಸರಿದು ಕೂತ. "ನಾಲ್ಕು ಗಂಟೆ ಮರದ ಕೆಳಗೆ ಕೂತಿದ್ದೇವೆ. ನನ್ನ ಕಾಲು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ. ಜಿಂಕೆ ಬಂತು. ಇಲ್ಲಿಂದ ಆ ಬಾವಿಕಟ್ಟೆ ಇದೆಯಲ್ಲ, ಅಷ್ಟು ದೂರ. ಅಜ್ಜ ಮಂಡಿ ತೆಗೆದ, ಪುಕ್ಕ ತೆಗೆದ, ಹೊಸ ಮದ್ದು ಹಾಕಿದ, ಗುರಿ ಹಿಡಿದ. ಟಕ್. ಫುಸ್. ಒಂದು ಉಂಡೆ ಹೊಗೆ. ಅಷ್ಟೇ. ಜಿಂಕೆ ನಮ್ಮನ್ನೇ ನೋಡಿತು. ಓಡಲೂ ಇಲ್ಲ ಗೊತ್ತಾ, ನಡೆದುಕೊಂಡು ಹೋಯಿತು."

"ಮದ್ದು ನೆನೆದಿತ್ತಾ?"

"ಅದೇ ತಮಾಷೆ. ನೀರಲ್ಲ, ಎಣ್ಣೆ. ತುಕ್ಕು ಹಿಡೀಬಾರದು ಅಂತ ಹಿಂದಿನ ವಾರ ಬಳಿದ ಎಣ್ಣೆಯನ್ನು ಅಜ್ಜ ಒರೆಸಿರಲಿಲ್ಲ. ಅದು ಇಳಿದು ಕಿಂಡಿಯಲ್ಲಿ ಕೂತಿತ್ತು."

ಈಗ ರಾಜಣ್ಣನಿಗೆ ಹುರುಪು ಬಂತು. "ನಿನ್ನ ಅಜ್ಜನಿಗೆ ನಮ್ಮಪ್ಪ ಪಾಠ ಹೇಳಬೇಕಿತ್ತು. ಮದ್ದು ಹಾಕೋ ಮುಂಚೆ ಬರೀ ಕೇಪು ಒಂದು ಹೊಡಿ. ಕೋವಿ ಬಾಯಿ ಮುಂದೆ ನೆಲದಲ್ಲಿ ಒಂದು ಒಣಗಿದ ಎಲೆ ಇಡು. ಎಲೆ ಅಲುಗಿದರೆ ದಾರಿ ಸಾಫು. ಅಲುಗದಿದ್ದರೆ ಸುಮ್ನೆ ಮನೆಗೆ ಬಾ." ಹೇಳುವಾಗ ಒಂದು ಹಪ್ಪಳದ ಚೂರನ್ನು ಎಲೆಯ ಹಾಗೆ ನೆಲದ ಮೇಲೆ ಇಟ್ಟ. ನಾವೆಲ್ಲ ಬಗ್ಗಿ ನೋಡಿದೆವು, ಅದು ಅಲುಗುತ್ತೆ ಅನ್ನೋ ಹಾಗೆ.

"ಗಜದ ಮೇಲೂ ಎರಡು ಗೀರು ಹಾಕಿದ್ದ ಅಪ್ಪ. ಖಾಲಿ ನಳಿಗೆಗೆ ಒಂದು ಗೀರು, ತುಂಬಿದ್ದಕ್ಕೆ ಒಂದು. ಯಾವ ಗೀರಿಗೆ ನಿಂತಿತು ಅಂತ ನೋಡದೆ ಎರಡನೇ ಸಲ ಮದ್ದು ಸುರಿಯೋ ಹಾಗಿಲ್ಲ."

ಮೇಷ್ಟ್ರು ಮತ್ತೆ ಎದ್ದರು, ಅಂದರೆ ಮಾತಿನಲ್ಲಿ. ಕಿಟ್ಟಿಯ ಅದೇ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗಿನಲ್ಲಿ 1863ರಲ್ಲಿ ಅವರ ಅಂತರ್ಯುದ್ಧದ ಕಾಳಗ ಮುಗಿದ ಮೇಲೆ 27 ಸಾವಿರಕ್ಕೂ ಜಾಸ್ತಿ ಕೋವಿಗಳನ್ನು ಆರಿಸಿದರಂತೆ. ಸುಮಾರು 24 ಸಾವಿರ ಇನ್ನೂ ತುಂಬಿದ್ದವು. ಅದರಲ್ಲಿ ಅರ್ಧದಷ್ಟಕ್ಕೆ ಎರಡೆರಡು ಈಡು, ಅಂದರೆ ಎರಡು ಸಲದ ಮದ್ದುಗುಂಡು. ಒಂದು ಕೋವಿಯಲ್ಲಂತೂ 23 ಈಡು, ಒಂದರ ಮೇಲೊಂದು.

"ಆ ಗಲಾಟೆಯಲ್ಲಿ ತನ್ನ ಕೋವಿ ಹಾರಿತೋ ಇಲ್ಲವೋ ಅಂತ ಯಾರಿಗೆ ಕೇಳಿಸುತ್ತೆ?" ಅಂದರು ಮೇಷ್ಟ್ರು.

"ಇಪ್ಪತ್ತಮೂರು!" ಅಂದ ರಾಜಣ್ಣ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮದ್ದಿನ ಈಗಿನ ರೇಟು ಲೆಕ್ಕ ಹಾಕುತ್ತಿದ್ದ ಅಂತ ಕಾಣುತ್ತೆ.

ಆಮೇಲೆ ಎದ್ದು ಒಳಗೆ ಹೋಗಿ ಕೋವಿಯನ್ನೇ ತಂದ. ಚುನಾವಣೆ ಬಂತು ಅಂತ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತಂದು ಮೂಲೆಗೆ ನಿಲ್ಲಿಸಿದ್ದು, ಮುಟ್ಟಿರಲೇ ಇಲ್ಲ. ಗಜ ಇಳಿಸಿದರೆ ಖಾಲಿ ಗೀರಿಗಿಂತ ಎರಡು ಬೆರಳು ಮೇಲೆ ನಿಂತಿತು. ಎಲ್ಲರೂ ಜಗಲಿಯ ಆ ತುದಿಗೆ ಸರಿದೆವು. ಕೇಪಿನ ಮೊಳೆ ಬಿಚ್ಚಿ, ಹಿಂದಿನಿಂದ ನೀರು ಬಿಟ್ಟು ನೆನೆಸಿ, ಗಜದಲ್ಲಿ ಕೆರೆದರೆ ಕೆಂಪು ಮಣ್ಣು ಉದುರಿತು. ಕುಂಬಾರ ಹುಳ ಗೂಡು ಕಟ್ಟಿತ್ತು. ಮದ್ದಿನ ಒಂದು ಕಣವೂ ಇಲ್ಲ.

ಕಿಟ್ಟಿ ತೋಳು ಏರಿಸಿದ. ಅಜ್ಜನ ಹತ್ತಿರ ಅವನು ನಿಜವಾಗಿ ಕಲಿತದ್ದು ಇದೊಂದೇ. ಮದ್ದು ಸುಟ್ಟರೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಗೆಯ ಕಣವಾಗಿ, ಮಸಿಯಾಗಿ ಉಳಿಯುತ್ತೆ, ನಳಿಗೆಗೆ ಅಂಟಿದ ಆ ಮಸಿ ಉಪ್ಪಿನ ಹಾಗೆ ಗಾಳಿಯ ತೇವ ಎಳೆದು ಕಬ್ಬಿಣ ತಿನ್ನುತ್ತೆ. ಸೀಮೆಎಣ್ಣೆ ಸುರಿದರೆ ಹೋಗಲ್ಲ. ಆ ಮಸಿ ಕರಗುವುದು ನೀರಿಗೆ. ಮದ್ದು ಒದ್ದೆಯಾಗಬಾರದು ಅಂತ ಇಡೀ ದಿನ ಒದ್ದಾಡಿ, ರಾತ್ರಿ ನಾವೇ ಕೂತು ಕೋವಿಗೆ ಸ್ನಾನ ಮಾಡಿಸಬೇಕು. ಅದೂ ಹೊಡೆದ ದಿನವೇ, ನಾಳೆ ಅಂದರೆ ತುಕ್ಕು.

ನಳಿಗೆ ಬಿಚ್ಚಿ, ಬುಡವನ್ನು ಸೋಪು ಕಲಸಿದ ಬಿಸಿನೀರಿನ ಬಕೆಟ್ಟಿಗೆ ಇಟ್ಟು, ಗಜದ ತುದಿಗೆ ರಾಜಣ್ಣನ ಹಳೇ ಬನಿಯನ್ ತುಂಡು ಸುತ್ತಿ ಮೇಲೆ ಕೆಳಗೆ ಆಡಿಸಿದ. ಹಿಂದಿನ ತೂತಿನಿಂದ ನೀರು ಸೊರ್ ಅಂತ ಮೇಲೆ ಏರಿ ಇಳಿಯಿತು. ಮೊದಲ ಬಕೆಟ್ ಕಾಫಿ ಡಿಕಾಕ್ಷನ್ ಬಣ್ಣ, ಕೊಳೆತ ಮೊಟ್ಟೆಯ ವಾಸನೆ. ಎರಡನೆಯದು ಟೀ. ಮೂರನೆಯದು ನಮ್ಮೂರ ಹೋಟೆಲಿನ ಟೀ. ಕೊನೆಗೆ ಕುದಿಯುವ ನೀರು ಹುಯ್ದ, ನಳಿಗೆ ಮುಟ್ಟಲಾರದಷ್ಟು ಕಾದು ತಾನೇ ಒಣಗಲಿ ಅಂತ. ಮೇಲೆ ತೆಳ್ಳಗೆ ಎಣ್ಣೆ. ನಿಲ್ಲಿಸುವಾಗ ಬಾಯಿ ಕೆಳಗೆ ಮಾಡಿ ನಿಲ್ಲಿಸಿದ, ಎಣ್ಣೆ ಬುಡಕ್ಕೆ ಇಳಿಯದ ಹಾಗೆ.

"ನೋಡಿ ಮೇಷ್ಟ್ರೇ, ಮದ್ದಿಗೆ ಮದ್ದು ಬಿಸಿನೀರು!" ಅಂದ.

ಅಷ್ಟರಲ್ಲಿ ಬಚ್ಚಲಿನಿಂದ ಅತ್ತಿಗೆಯ ದನಿ ಬಂತು. "ಬೆಳಗಿನಿಂದ ಹಸಿ ಸೌದೆ ಊದಿ ಊದಿ ಕಾಯಿಸಿದ ಹಂಡೆ ನೀರು ಯಾರು ಖಾಲಿ ಮಾಡಿದ್ದು?"

ರಾಜಣ್ಣ ಕೋವಿಯನ್ನು ಕಿಟ್ಟಿಯ ಕೈಗೆ ಕೊಟ್ಟ. ಕಿಟ್ಟಿ ನನ್ನ ಕೈಗೆ. ನಾನು ಮೇಷ್ಟ್ರ ಕಡೆ ತಿರುಗಿದರೆ ಅವರು ಆಗಲೇ ಕೊಡೆ ಬಿಚ್ಚಿ ಅಂಗಳ ದಾಟುತ್ತಿದ್ದರು.