ಬೋರ್‌ವೆಲ್ ನೀರು, ಒಣಚರ್ಮ, ತುರಿಕೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ವೈಟ್‌ಫೀಲ್ಡ್): ಶಿವಮೊಗ್ಗದಿಂದ ಬಂದು ನಮ್ಮೊಡನೆ ನೆಲೆಸಿರುವ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಚಳಿ ಶುರುವಾದಾಗಿನಿಂದ ಮೊಣಕಾಲಿನ ಕೆಳಗೆ ಚರ್ಮ ಒಣಗಿ ಹೊಟ್ಟೇಳುತ್ತಿದೆ. ರಾತ್ರಿಯ ತುರಿಕೆಗೆ ನಿದ್ರೆಯೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಗಡಸು ನೀರನ್ನು ಮೆದುವಾಗಿಸುವ ಸಾಫ್ಟ್‌ನರ್ ಯಂತ್ರ ಹಾಕಿಸಿದರೆ ಉಪಯೋಗವಾದೀತೇ? ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬನ್ನು ಮುಂದುವರಿಸಬಹುದೇ?

ಉತ್ತರ (ಜಯನಗರ): ಸಾಫ್ಟ್‌ನರಿಗೆ ಹಣ ಸುರಿಯುವ ಮುನ್ನ ಸೋಪಿನ ಬಳಕೆಯನ್ನು ತಗ್ಗಿಸಿ ನೋಡಿ ಎಂಬುದು ನನ್ನ ಸಲಹೆ. ಅಂಗೈ, ಅಂಗಾಲುಗಳನ್ನು ಬಿಟ್ಟರೆ ಚರ್ಮದ ತೀರ ಹೊರಗಿನ ಪದರವು ಕೂದಲೆಳೆಗಿಂತಲೂ ತೆಳುವಾಗಿರುತ್ತದೆ. ಸತ್ತು ಚಪ್ಪಟೆಯಾದ ಜೀವಕೋಶಗಳೂ ಅವುಗಳ ನಡುವೆ ತುಂಬಿಕೊಂಡ ಸೆರಮೈಡ್, ಕೊಲೆಸ್ಟೆರಾಲ್, ಕೊಬ್ಬಿನಾಮ್ಲಗಳೂ ಸೇರಿ, ದೇಹದ ನೀರು ಆವಿಯಾಗಿ ಹೋಗದಂತೆ ಅಲ್ಲಿ ತಡೆ ಕಟ್ಟಿಕೊಂಡಿರುತ್ತವೆ. ವಯಸ್ಸಾದಂತೆ ಈ ಕೊಬ್ಬಿನಂಶವೂ ಮೈಜಿಡ್ಡೂ ಕಡಿಮೆಯಾಗುತ್ತವೆ. ಮೊಣಕಾಲಿನ ಕೆಳಗೆ ಜಿಡ್ಡಿನ ಗ್ರಂಥಿಗಳು ಮೊದಲೇ ಕಡಿಮೆಯಾದ್ದರಿಂದ ತೊಂದರೆ ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ. ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡಿ ಪುಡಿ ಉದುರುತ್ತಿದೆಯೆಂದರೆ ಈ ತಡೆ ಸಡಿಲವಾಗಿದೆಯೆಂದೇ ತಿಳಿಯಬಹುದು.

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿದ್ದು, ಅದರ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯಿದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ) ಸುಮಾರು 5 ಇರುತ್ತದೆ. ಸಾಮಾನ್ಯ ಸೋಪಿನದು 9ರಿಂದ 10. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಕೂಡಿ ನೀರಿನಲ್ಲಿ ಕರಗದ ಜಿಗುಟಾಗುತ್ತವೆ. ಬಕೆಟ್ಟಿನ ಒಳಗೋಡೆಗೆ ಹಿಡಿಯುವ ಬೂದುಬಣ್ಣದ ಪೊರೆ ಇದೇ. ನೊರೆ ಬರಲಿಲ್ಲವೆಂದು ಮತ್ತಷ್ಟು ಸೋಪು ತಿಕ್ಕಿದಷ್ಟೂ ಅದು ಮೈಮೇಲೂ ಉಳಿದು ಚರ್ಮವನ್ನು ಕೆಣಕುತ್ತದೆ. ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಸೋಪು ಸಾಕು. ಕಾಲಿಗೆ ಬರೀ ನೀರು ಹಾಕಿದರಾಯಿತು. ಸೋಪಿನ ಬದಲು ಪಿಎಚ್ ಕಡಿಮೆಯಿರುವ, ಸುವಾಸನೆ ಬೆರೆಸದ ಕ್ಲೆನ್ಸರ್ ಆದರೆ ಇನ್ನೂ ಒಳ್ಳೆಯದು. ಹೊಗೆಯಾಡುವ ಗೀಸರ್ ನೀರಿನ ಸ್ನಾನ ಹಿರಿಯರಿಗೆ ಎಷ್ಟೇ ಪ್ರಿಯವಾಗಿದ್ದರೂ ಅದನ್ನು ಉಗುರುಬೆಚ್ಚಗಿನ ಮಟ್ಟಕ್ಕೆ ಇಳಿಸಲೇಬೇಕು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈಯಲ್ಲಿ ಪಸೆ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚಬೇಕು. ಮಲಗುವ ಮುನ್ನ ಇನ್ನೊಮ್ಮೆ.

ಸಾಫ್ಟ್‌ನರ್ ವಿಷಯಕ್ಕೆ ಬಂದರೆ, 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ರೋಗ) ಇದ್ದ 336 ಮಕ್ಕಳ ಪೈಕಿ ಅರ್ಧದಷ್ಟು ಮಂದಿಯ ಮನೆಗೆ 12 ವಾರ ಸಾಫ್ಟ್‌ನರ್ ಅಳವಡಿಸಿ ನೋಡಿದಾಗ, ಮಾಮೂಲಿ ಚಿಕಿತ್ಸೆಯಿಂದ ಆಗುವುದಕ್ಕಿಂತ ಹೆಚ್ಚಿನ ಗುಣ ಕಂಡುಬರಲಿಲ್ಲ. ಅದು ಮಕ್ಕಳ ಮೇಲಿನ ಪ್ರಯೋಗವೆಂಬುದು ನಿಜ. ಆದರೂ ಅಷ್ಟು ಖರ್ಚಿನ ಯಂತ್ರವನ್ನು ಚರ್ಮಕ್ಕಾಗಿಯೇ ಕೊಳ್ಳಬೇಕಿಲ್ಲ ಎನ್ನುವುದಕ್ಕೆ ನನಗೆ ಅಷ್ಟು ಸಾಕು. ವಾಷಿಂಗ್ ಮಷಿನ್ನಿಗೂ ಗೀಸರಿಗೂ ಅದರಿಂದ ಲಾಭವಿದೆ, ಅದು ಬೇರೆ ಮಾತು.

ಉತ್ತರ (ಮಲ್ಲೇಶ್ವರ, ಔಷಧ ವ್ಯಾಪಾರದಲ್ಲಿದ್ದವರು): ಆ ಟ್ಯೂಬಿನ ಮೇಲಿನ ಸಣ್ಣಕ್ಷರವನ್ನು ದಯವಿಟ್ಟು ಓದಿ. ಕ್ಲೋಬೆಟಸಾಲ್, ಬೆಟಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್, ಅಂದರೆ ಚರ್ಮದ ಉರಿಯೂತವನ್ನು ಅಡಗಿಸುವ ಔಷಧ. ಹಚ್ಚಿದೊಡನೆ ತುರಿಕೆ ಅಡಗುವುದರಿಂದ ಜನ ಅದನ್ನೇ ಕೇಳಿ ಒಯ್ಯುತ್ತಾರೆ. ಆದರೆ ಬಹುಕಾಲ ಬಳಸಿದರೆ ಮೊದಲೇ ತೆಳ್ಳಗಾಗಿರುವ ವಯಸ್ಸಾದವರ ಚರ್ಮ ಇನ್ನಷ್ಟು ತೆಳುವಾಗಿ, ಸಣ್ಣ ತಾಗುವಿಕೆಗೂ ಹರಿಯುತ್ತದೆ. ಹುಳುಕಡ್ಡಿಗೆ ಹಚ್ಚಿದರಂತೂ ಮೇಲಿನ ಕೆಂಪು ಮಾಯವಾಗಿ ಸೋಂಕು ಒಳಗೊಳಗೇ ಹಬ್ಬುತ್ತದೆ, ಆಮೇಲೆ ನೋಡುವ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿಯೇ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿದೆ. ಸ್ಟೀರಾಯ್ಡ್ ಎಂದರೆ ವಿಷವೆಂದು ಭಾವಿಸಬೇಡಿ. ವೈದ್ಯರು ಹೇಳಿದ ಶಕ್ತಿಯದನ್ನು ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧವೇ.

ಉತ್ತರ (ರಾಜಾಜಿನಗರ): ಮನೆಯಲ್ಲಿ ಬೇರೆಯವರಿಗೂ ರಾತ್ರಿ ತುರಿಕೆಯಿದೆಯೇ, ಬೆರಳುಸಂದಿಯಲ್ಲಿ ಗುಳ್ಳೆಗಳಿವೆಯೇ ನೋಡಿ. ಹಾಗಿದ್ದರೆ ಕಜ್ಜಿಯಿರಬಹುದು, ಅದಕ್ಕೆ ಮನೆಮಂದಿಯೆಲ್ಲ ಒಂದೇ ಸಲ ಚಿಕಿತ್ಸೆ ಪಡೆಯಬೇಕು.

ಉತ್ತರ (ಬಸವನಗುಡಿ): ನನ್ನ ತಾಯಿಯವರಿಗೂ ಇದೇ ತೊಂದರೆಯಿತ್ತು. ಸ್ನಾನದ ನಂತರ ಹಸಿಮೈಗೆ ಕೊಬ್ಬರಿ ಎಣ್ಣೆ ಹಚ್ಚುವುದರಿಂದ ಗುಣ ಕಂಡಿತು, ಬೆಲೆಯೂ ಹಗುರ. ಆದರೆ ಬಚ್ಚಲಿನಲ್ಲಿ ನಿಂತು ಹಚ್ಚಿಕೊಳ್ಳಲು ಬಿಡಬೇಡಿ, ಎಣ್ಣೆ ಬಿದ್ದ ಟೈಲ್ಸಿನ ಮೇಲೆ ಜಾರಿದರೆ ಸೊಂಟದ ಮೂಳೆಗೇ ಸಂಚಕಾರ. ಮಂಚದ ಮೇಲೆ ಕೂರಿಸಿ ಹಚ್ಚಿ. ಇಷ್ಟೆಲ್ಲ ಮಾಡಿಯೂ ಕೆಲವು ವಾರಗಳಲ್ಲಿ ತುರಿಕೆ ಇಳಿಯದಿದ್ದರೆ, ಅಥವಾ ಚರ್ಮ ಒಣಗಿರದ ಕಡೆಯೂ ತುರಿಸುತ್ತಿದ್ದರೆ, ಥೈರಾಯ್ಡ್, ಮೂತ್ರಪಿಂಡ, ಯಕೃತ್ತು, ರಕ್ತದ ಸಕ್ಕರೆ ಇವನ್ನು ಪರೀಕ್ಷಿಸಬೇಕಾಗುತ್ತದೆ. ವಿಕ್ಟೋರಿಯಾ ಮತ್ತು ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗುವಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಆ ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಸಕ್ಕರೆ ಕಾಯಿಲೆಯಿದ್ದರೆ, ಒಡೆದ ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕುವುದಾಗಲಿ ಬ್ಲೇಡಿನಿಂದ ಕೆರೆಯುವುದಾಗಲಿ ಬೇಡವೇ ಬೇಡ.