ನೆದರ್ಲ್ಯಾಂಡ್ಸ್‌ನವ್ರನ್ನ ಡಚ್ ಅಂತ ಯಾಕ್ ಕರೀತಾರೆ?

ತಿಂಡಿಪೋತ:
2023ರ ವರ್ಲ್ಡ್ ಕಪ್ಪಲ್ಲಿ ನಮ್ ಚಿನ್ನಸ್ವಾಮೀಲಿ ನೆದರ್ಲ್ಯಾಂಡ್ಸ್ ಆಡಿತ್ತಲ್ಲ, ಅದ್ರ ಹೈಲೈಟ್ಸ್ ಹಾಕ್ಕೊಂಡ್ ಕೂತಿದ್ದೆ. ಸ್ಕೋರ್‌ಬೋರ್ಡಲ್ಲಿ ನೆದರ್ಲ್ಯಾಂಡ್ಸ್, ಕಾಮೆಂಟ್ರೀಲಿ ಡಚ್, ನಮ್ಮಪ್ಪ ಬಂದು ಹಾಲೆಂಡಾ ಅಂತಾರೆ. ಸ್ಪೇನ್‌ಗೆ ಸ್ಪ್ಯಾನಿಷ್, ಪೋಲೆಂಡ್‌ಗೆ ಪೋಲಿಷ್, ಸರಿ. ಈ ಡಚ್ ಎಲ್ಲಿಂದ ಬಂತ್ರೀ? ಜರ್ಮನ್ನರು ಡಾಯ್ಚ್ ಅಂತಾರಲ್ಲ, ಅದಕ್ಕೂ ಇದಕ್ಕೂ ನಂಟಿದ್ಯಾ?

ಹಳೇಸೇತುವೆ:
ನಂಟೇನು ಬಂತು, ಎರಡೂ ಒಂದೇ ಪದ. ಹಳೇ ಜರ್ಮ್ಯಾನಿಕ್ ಭಾಷೆಗಳಲ್ಲಿ 'ಜನ' ಅನ್ನೋ ಪದದಿಂದ ಹುಟ್ಟಿದ್ದು. ಪಾದ್ರಿಗಳ ಲ್ಯಾಟಿನ್ ಒಂದ್ಕಡೆ, ಊರ್ ಜನ ಆಡೋ ಮಾತು ಇನ್ನೊಂದ್ಕಡೆ, ಈ ಎರಡನೇದಕ್ಕೆ ಲ್ಯಾಟಿನ್ ಬರಹಗಳಲ್ಲಿ 8ನೇ ಶತಮಾನದಿಂದಾನೇ ಥಿಯೋಡಿಸ್ಕಸ್ ಅಂತ ಸಿಗತ್ತೆ. 842ರಲ್ಲಿ ಚಕ್ರವರ್ತಿ ಶಾರ್ಲಮೇನ್ ಮೊಮ್ಮಕ್ಕಳಿಬ್ರು ತಮ್ಮ ಸ್ವಂತ ಅಣ್ಣನ ವಿರುದ್ಧ ಒಂದಾಗಿ ಸ್ಟ್ರಾಸ್‌ಬರ್ಗಲ್ಲಿ ಪ್ರಮಾಣ ಮಾಡಿದ್ರು, ಅದೂ ಅವನ ಸೈನ್ಯಕ್ಕೆ ಅರ್ಥವಾಗ್ಲಿ ಅಂತ ಇವನು, ಇವನ ಸೈನ್ಯಕ್ಕೆ ಅರ್ಥವಾಗ್ಲಿ ಅಂತ ಅವನು ಭಾಷೆ ಬದಲಾಯಿಸ್ಕೊಂಡು. ಒಂದು ಭಾಷೆ ರೋಮನ್, ಇನ್ನೊಂದನ್ನ ಬರೆದಿಟ್ಟೋನು ಟ್ಯೂಡಿಸ್ಕ ಅಂತಾನೆ. ಅದೇ ಪದ ಜರ್ಮನಿ ಕಡೆ ಡಾಯ್ಚ್ ಆಯ್ತು, ಸಮುದ್ರದ ಕಡೆ ತಗ್ಗು ನಾಡಲ್ಲಿ, ಅಂದ್ರೆ ಈಗಿನ ನೆದರ್ಲ್ಯಾಂಡ್ಸ್ ಕಡೆ, ಡ್ಯೂಟ್ಸ್, ಡೀಟ್ಸ್, ಇಟಲಿಯವ್ರ ಬಾಯಲ್ಲಿ ಟೆಡೆಸ್ಕೊ.

ಇನ್ನು ಇಂಗ್ಲಿಷರು. ಅವ್ರಿಗೆ ಮೊದ್ಲು ಈ ಕಡೆಯೋರು ಆ ಕಡೆಯೋರು ಎಲ್ರೂ ಡಚ್ಚೇ, ಬೆಟ್ಟದ ಕಡೆ ಭಾಷೆ ಹೈ ಡಚ್, ತಗ್ಗಿನದು ಲೋ ಡಚ್, ಅಷ್ಟೇ. ಆಮೇಲೆ 1600ರ ನಂತರ ವ್ಯಾಪಾರ, ಮೀನು, ಹಡಗು, ಜಗಳ ಎಲ್ಲ ಎದುರು ದಡದವ್ರ ಜೊತೇನೇ ನಡೀತು, 1652ರಿಂದ 1674ರೊಳಗೆ ಮೂರ್ ಯುದ್ಧ ಆಡಿದಾರೆ ಮಾರಾಯ್ರೆ. 1648ರಲ್ಲಿ ಅವ್ರದ್ದು ಬೇರೆ ದೇಶ ಅಂತ ಎಲ್ಲರೂ ಒಪ್ಕೊಂಡೂ ಆಗಿತ್ತು. ದಿನಾ ಮುಖ ನೋಡೋರಿಗೇ ಡಚ್ ಹೆಸರು ಅಂಟ್ಕೊಳ್ತು, ಉಳಿದವ್ರಿಗೆ ಲ್ಯಾಟಿನ್ನಿಂದ ಜರ್ಮನ್ ಅಂತ ತಂದ್ಕೊಂಡ್ರು.

ಗುಂಡಪ್ಪನ ಮೊಮ್ಮಗ:
ಪೆನ್ಸಿಲ್ವೇನಿಯಾ ಡಚ್ಚೂ ಹಂಗೇ ಅಲ್ವಾ ಗುರು, ಆ ಕುದುರೆ ಗಾಡೀಲಿ ಓಡಾಡೋ ಅಮಿಶ್ ಜನ. ಆಡೋದು ಒಂಥರಾ ಜರ್ಮನ್, ಡಾಯ್ಚ್ ಅಂದಿದ್ದನ್ನ ಅಮೆರಿಕದವ್ರು ತಪ್ಪಾಗಿ ಡಚ್ ಮಾಡಿದ್ರು ಅಂತಾರೆ.

ಹಳೇಸೇತುವೆ:
ಹಂಗಂತ ಎಲ್ರೂ ಹೇಳ್ತಾರೆ, ಆದ್ರೆ ತಪ್ಪು ಅನ್ನೋಕಾಗಲ್ಲ. ಅವ್ರ ಹಿರಿಯರು ರೈನ್ ನದಿ ಕಡೆಯಿಂದ ಅಲ್ಲಿಗೆ ಹೋದಾಗ ಇಂಗ್ಲಿಷಲ್ಲಿ ಡಚ್‌ಗೆ ಆ ಹಳೇ ಅಗಲದ ಅರ್ಥ ಇನ್ನೂ ಓಡ್ತಿತ್ತು.

ಐಂಡ್‌ಹೋವನ್ ಅಕ್ಕ:
ಅಪ್ಪಂಗೆ ಹೇಳಿ, ಹಾಲೆಂಡ್ ಅಂದ್ರೆ ಇಲ್ಲಿ ನೆದರ್ಲ್ಯಾಂಡ್ಸಲ್ಲಿರೋ 12 ಪ್ರಾಂತ್ಯದಲ್ಲಿ ಎರಡೇ ಎರಡು, ನಾರ್ತ್ ಹಾಲೆಂಡ್, ಸೌತ್ ಹಾಲೆಂಡ್. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್ ಅಲ್ಲೇ ಇರೋದ್ರಿಂದ ದುಡ್ಡು, ಹಡಗು, ಹೆಸರು ಎಲ್ಲ ಅವ್ರದ್ದೇ ಆಯ್ತು. ನಾನಿರೋದು ಬ್ರಬಂಟ್, ಇಲ್ಲಿನವ್ರನ್ನ ಹಾಲೆಂಡಿನವ್ರು ಅಂದ್ರೆ ಕೆಲವ್ರ ಮುಖ ಸಣ್ಣಗಾಗತ್ತೆ. 2020ರಿಂದ ಸರ್ಕಾರಾನೂ ಪ್ರಚಾರದಲ್ಲಿ ಹಾಲೆಂಡ್ ಬಿಟ್ಟು ನೆದರ್ಲ್ಯಾಂಡ್ಸ್ ಅಂತಾನೇ ಬಳಸ್ತಿದೆ.

ಇವ್ರು ತಮ್ಮ ಭಾಷೇನ ನೆಡರ್ಲಂಡ್ಸ್ ಅಂತಾರೆ, ಡೌಟ್ಸ್ ಅಂದ್ರೆ ಜರ್ಮನ್. ಹೊಸದಾಗಿ ಬಂದವ್ರು ಟಿಕೆಟ್ ಮೆಷಿನ್ನಲ್ಲಿ ಡಾಯ್ಚ್ ಅಂತ ಇರೋದನ್ನ ಡಚ್ ಅನ್ಕೊಂಡು ಒತ್ತಿ, ಸ್ಕ್ರೀನ್ ಪೂರ್ತಿ ಜರ್ಮನ್ ಆಗಿ, ಹಿಂದೆ ಕ್ಯೂ ನಿಂತವ್ರು ನಿಟ್ಟುಸಿರು ಬಿಡೋದು ಮಾಮೂಲು 😀 ಮಜಾ ಏನಂದ್ರೆ ಇವ್ರ ರಾಷ್ಟ್ರಗೀತೇಲಿ ವಿಲಿಯಂ ದೊರೆ 'ನಾನು ಡೌಟ್ಸ್ ರಕ್ತದವನು' ಅಂತ ಇವತ್ತಿಗೂ ಹಾಡ್ತಾನೆ. ಅದು ಆ ಹಳೇ ಪದ.

ತಿಂಡಿಪೋತ:
ಸೂಪರ್ ಅಕ್ಕ. ಇನ್ನೊಂದು, ನಮ್ ಹಿಸ್ಟರಿ ಬುಕ್ಕಲ್ಲಿ ಡಚ್ಚರು, ಮರಾಠಿಯವ್ರು ವಲಂದೇಜ್ ಅಂತಾರಲ್ಲ, ಅದೇನು?

ಹಳೇಸೇತುವೆ:
ನಮ್ದು ಇಂಗ್ಲಿಷಿಂದ ಬಂದಿದ್ದು. ಅವ್ರದ್ದು ಪೋರ್ಚುಗೀಸರ ಒಲಾಂದೇಸ್, ಅಂದ್ರೆ ಹಾಲೆಂಡಿನವ್ರು. ಅಲ್ಲಿಗೆ ನಿಮ್ಮಪ್ಪಂಗೂ ಒಂದ್ ಓಟು.