ಕಡುಗಪ್ಪು ಹಣ್ಣಿನ ಹಿಪ್ಪುನೇರಳೆ ನೈಗ್ರಾನೇನಾ? ಗುರುತು ಹಿಡಿದವರು ಅನುಭವ ಹೇಳಿ

ಪ್ರಶ್ನೆ: ಮೋರಸ್ ನೈಗ್ರಾ (ಕಪ್ಪು ಹಿಪ್ಪುನೇರಳೆ ಜಾತಿ) ಅಂತ ಹೇಳಿ ಕೊಟ್ಟ ಕಸಿ ಗಿಡ. ಹಣ್ಣು ಕಡುಗಪ್ಪು. ಎಲೆ ಕೆಲವು ಇಡಿ, ಕೆಲವು ಸೀಳು. ನಂಬಬಹುದಾ?

ಉತ್ತರ 1: ಬಣ್ಣ ನೋಡಿ ಜಾತಿ ಹೇಳಬೇಡಿ ಸರ್. ಬಿಳಿ ಹಿಪ್ಪುನೇರಳೆ ಅನ್ನುವ ಮೋರಸ್ ಆಲ್ಬಾ ಹೆಸರಿಗಷ್ಟೇ ಬಿಳಿ. ಹಣ್ಣು ಬಿಳಿ, ನಸುಗೆಂಪು, ಕಡುಗಪ್ಪು ಎಲ್ಲವೂ ಬರುತ್ತದೆ. ಸೀಳೂ ಲೆಕ್ಕಕ್ಕಿಲ್ಲ, ಎಳೆ ಗಿಡದಲ್ಲಿ ಮತ್ತು ಸವರಿದ ಮೇಲೆ ಬಂದ ಚಿಗುರಿನಲ್ಲಿ ಅದು ಇದ್ದದ್ದೇ. ಬಿಸಿಲಿಗೆ ಬಿದ್ದ ಕೊಂಬೆಯಿಂದ ಬಲಿತ ಎಲೆ ನಾಲ್ಕೈದು ಕಿತ್ತು ಹೆಬ್ಬೆರಳಿನಲ್ಲಿ ಉಜ್ಜಿ. ಆಲ್ಬಾ ಮೇಲೆ ನುಣುಪು, ಹೊಳಪು. ತಿರುಗಿಸಿದರೆ ದಪ್ಪ ನರಗಳ ಗುಂಟ, ನರ ಕವಲೊಡೆಯುವ ಮೂಲೆಯಲ್ಲಿ ಮಾತ್ರ ರೋಮ. ನೈಗ್ರಾ ಮೇಲೆ ಉಪ್ಪುಕಾಗದದಂತೆ ಒರಟು, ಕೆಳಗೆಲ್ಲ ರೋಮ, ಎಲೆ ದಪ್ಪ, ಬುಡ ಹೃದಯದಂತೆ ಆಳವಾಗಿ ಒಳಸರಿದಿರುತ್ತದೆ.

ಉತ್ತರ 2: ಎಲೆಗಿಂತ ತೊಟ್ಟು ನೋಡಿ. ಆಲ್ಬಾದ ಹಣ್ಣಿಗೆ ಎದ್ದು ಕಾಣುವ ತೊಟ್ಟಿದೆ, ಕೊಂಬೆ ಅಲುಗಿಸಿದರೆ ಉದುರುತ್ತದೆ. ನೈಗ್ರಾದ್ದು ಕೊಂಬೆಗೇ ಅಂಟಿಕೊಂಡಂತೆ. ಕೀಳಹೋದರೆ ಬೆರಳಲ್ಲೇ ಒಡೆದು ಕೈಯೆಲ್ಲ ರಸ. ರುಚಿಯಲ್ಲಿ ಹುಳಿ ಖಂಡಿತ ಇರಬೇಕು. ಇನ್ನೊಂದು, ಕಡ್ಡಿ ನೆಟ್ಟು ಸಲೀಸಾಗಿ ಬೇರು ಬಂತೋ, ಅದು ನೈಗ್ರಾ ಅಲ್ಲ.

ಉತ್ತರ 3: ಕಡ್ಡಿಯ ಮಾತು ತಪ್ಪು. ನೈಗ್ರಾದ ದಪ್ಪ ಬಲಿತ ತುಂಡುಗಳನ್ನು ನೆಟ್ಟು ಬೆಳೆಸುವುದು ಹಳೆಯ ಪದ್ಧತಿ. ಒರಟು ಅಂದ ಕೂಡಲೇ ನೈಗ್ರಾ ಅನ್ನುವವರು ಕೆಂಪು ಹಿಪ್ಪುನೇರಳೆ, ಅಂದರೆ ಮೋರಸ್ ರೂಬ್ರಾವನ್ನು ಎಲ್ಲಿಡುತ್ತೀರಿ? ಅದರ ಎಲೆಯೂ ಮೇಲೆ ಒರಟು, ಕೆಳಗೆ ಮೆತ್ತನೆಯ ರೋಮ. ಆದರೆ ತೆಳು, ತುದಿ ಉದ್ದಕ್ಕೆ ಎಳೆದಂತೆ. ಆಲ್ಬಾ, ರೂಬ್ರಾ ಎರಡರಲ್ಲೂ ಸಾಮಾನ್ಯವಾಗಿ 28 ವರ್ಣತಂತು (ಕ್ರೋಮೋಸೋಮ್), ಹಾಗಾಗಿ ಅಕ್ಕಪಕ್ಕ ಇದ್ದಲ್ಲೆಲ್ಲ ಬೆರಕೆ. ಬೆರಕೆ ಗಿಡದ ಎಲೆ ಅರೆ ನುಣುಪು, ಅರೆ ಒರಟು. ಹೆಬ್ಬೆರಳು ಅಲ್ಲಿ ಸೋಲುತ್ತದೆ. ನೈಗ್ರಾದಲ್ಲಾದರೋ ವರ್ಣತಂತು 308.

ಉತ್ತರ 1: ವರ್ಣತಂತು ಎಣಿಸಲು ಮನೆಯಲ್ಲಿ ಯಾರ ಹತ್ತಿರ ಸಾಮಾನಿದೆ? ಕೇಳಿದ್ದು ಒಂದು ಗಿಡದ ಬಗ್ಗೆ!

ಉತ್ತರ 4: ನೀವೆಲ್ಲ ಕಸಿಯನ್ನೇ ಮರೆತಿರಿ. ಕಸಿ ಗಂಟಿನ ಕೆಳಗಿನ ಚಿಗುರು ಬೇರುಗಿಡದ್ದು, ಅಂದರೆ ಬೇರಿಗಾಗಿ ಬಳಸಿದ ಗಿಡದ್ದು, ಅದು ಹೆಚ್ಚಾಗಿ ಆಲ್ಬಾ. ಮೇಲಿನ ಕೊಂಬೆ ಒಣಗಿ ಕೆಳಗಿನದು ಎದ್ದರೆ ನೈಗ್ರಾ ಹೋಗಿ ಆಲ್ಬಾ ಉಳಿಯುತ್ತದೆ, ವರ್ಷಗಟ್ಟಲೆ ಆರೈಕೆ ದಂಡ. ಮೊದಲು ಗಂಟು ಹುಡುಕಿ, ಅದರ ಮೇಲಿನ ಎಲೆಯನ್ನೇ ಉಜ್ಜಿ.

ಉತ್ತರ 2: ಗಂಟಿನ ಮೇಲಿನದಾದರೂ ಸರಿ, ತೊಟ್ಟು ನೋಡದೆ ಹೆಸರು ಹೇಳುವುದನ್ನು ನಾನು ಒಪ್ಪುವುದಿಲ್ಲ.